ಎರಡನೇ ಟಿವಿಗೆ ಚಿತ್ರ ಎಳೆಯಬೇಡಿ, ಫೈಲ್ ಕಳಿಸಿ

ಮಾನ್ಯ ಸಂಪಾದಕರೇ,

ಹಬ್ಬದ ರಿಯಾಯಿತಿ ಶುರುವಾದರೆ ಸಾಕು, ‘4ಕೆ ಎಕ್ಸ್‌ಟೆಂಡರ್, 120 ಮೀಟರ್’ ಎಂಬ ಡಬ್ಬಿಗಳು ಆನ್‌ಲೈನ್ ಅಂಗಡಿಗಳ ಮೊದಲ ಪುಟಕ್ಕೆ ಬಂದು ಕೂರುತ್ತವೆ. ಹಾಲ್‌ನಲ್ಲಿ ಒಂದು ಹೋಮ್ ಥಿಯೇಟರ್ ಪಿಸಿ ಇಟ್ಟು, ಅದರಲ್ಲಿ ಸಿನಿಮಾ, ಮದುವೆ ವಿಡಿಯೊ, ಹಾಡು, ಫೋಟೊ ಎಲ್ಲ ತುಂಬಿಸಿಕೊಂಡವರು ಮೇಲಿನ ಮಹಡಿಯ ಟಿವಿಯಲ್ಲೂ ಅದನ್ನೇ ನೋಡಬೇಕೆಂದು ಇವುಗಳನ್ನು ಕೊಳ್ಳುತ್ತಾರೆ. ಬಹುತೇಕರಿಗೆ ಬೇಕಾಗಿರುವುದು ಈ ಡಬ್ಬಿ ಅಲ್ಲ. ಮನೆಗಳಿಗೆ ಡೇಟಾ ಕೇಬಲ್ ಎಳೆದು ಟಿವಿ ಕೂರಿಸುವ ಕೆಲಸದಲ್ಲಿರುವ ನಾವು ಕೆಲವರು ಸೇರಿ, ಕೊಳ್ಳುವ ಮೊದಲು ನೋಡಬೇಕಾದ್ದನ್ನು ಇಲ್ಲಿ ಬರೆದಿದ್ದೇವೆ. ಪತ್ರ ಉದ್ದವಾಗಿದೆ, ಕ್ಷಮೆಯಿರಲಿ. ಅರ್ಧ ಹೇಳಿದರೆ ಇದರಲ್ಲಿ ಪ್ರಯೋಜನವಿಲ್ಲ.

ಎಕ್ಸ್‌ಟೆಂಡರ್ ಎಂದು ಕೇಳಿದರೆ ಅಂಗಡಿಯಲ್ಲಿ ಮೂರು ಬೇರೆ ಬೇರೆ ಜಾತಿಯ ವಸ್ತು ಸಿಗುತ್ತವೆ. ಪಿಸಿಯ ಎಚ್‌ಡಿಎಂಐ ಚಿತ್ರವನ್ನು ಹಾಗೇ ದೂರಕ್ಕೆ ಒಯ್ಯುವುದು ಒಂದು. ಪಿಸಿಯ ಪರದೆಯನ್ನು ವಿಡಿಯೊ ಮಾಡಿ ನೆಟ್‌ವರ್ಕಿನಲ್ಲಿ ಕಳಿಸುವುದು ಇನ್ನೊಂದು. ಮೂರನೆಯದು ಪಿಸಿಯಲ್ಲಿರುವ ಫೈಲನ್ನು ತಾನೇ ತರಿಸಿಕೊಂಡು ತಾನೇ ಬಿಚ್ಚಿ ತೋರಿಸುವ ಚಿಕ್ಕ ಪೆಟ್ಟಿಗೆ. ಎರಡನೇ ಟಿವಿಗೆ ಈ ಮೂರನೆಯದೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೊದಲಿನ ಎರಡಕ್ಕೂ ಜಾಗ ಇದೆ, ಆದರೆ ತೀರಾ ಕಡಿಮೆ.

ಮೊದಲನೆಯದರಲ್ಲಿ ತಕರಾರು ಏನೆಂದು ನೋಡಿ. 1080ಪಿ ಚಿತ್ರ ಸೆಕೆಂಡಿಗೆ 60 ಫ್ರೇಮಿನಂತೆ ಎಚ್‌ಡಿಎಂಐನಲ್ಲಿ ಹೋಗಲು ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಡೇಟಾ ಬೇಕು. 4ಕೆ 60 ಫ್ರೇಮಿಗೆ, ಬಣ್ಣದಲ್ಲಿ ಏನನ್ನೂ ಬಿಡದಿದ್ದರೆ, ಹತ್ತಿರ ಹತ್ತಿರ 18 ಗಿಗಾಬಿಟ್. ಇದನ್ನು ಕ್ಯಾಟ್ 6 ಎಂಬ ಒಂದು ನೆಟ್‌ವರ್ಕ್ ಕೇಬಲ್‌ನಲ್ಲಿ 120 ಮೀಟರ್ ಒಯ್ಯುತ್ತೇನೆ ಎನ್ನುವ ಅಗ್ಗದ ಡಬ್ಬಿ ಒಳಗೊಳಗೇ ಚಿತ್ರವನ್ನು ಎಚ್.264 ಎಂಬ ವಿಡಿಯೊ ವಿಧಾನದಲ್ಲಿ ಹಿಂಡಿ (ಗಾತ್ರ ಕುಗ್ಗಿಸಿ), ಆ ತುದಿಯಲ್ಲಿ ಮತ್ತೆ ಬಿಚ್ಚುತ್ತದೆ. ಹೆಚ್ಚಿನವು 4ಕೆಯನ್ನು ಒಳಗೆ ತೆಗೆದುಕೊಂಡು 1080ಪಿಯನ್ನು ಹೊರಗೆ ಕೊಡುತ್ತವೆ. ಡಬ್ಬಿಯ ಮೇಲೆ 4ಕೆ ಅಂತ ಇರುವುದು ಸುಳ್ಳಲ್ಲ, ಅದು ಇನ್‌ಪುಟ್‌ನ ಮಾತು ಅಷ್ಟೇ. ಕತ್ತಲ ದೃಶ್ಯದಲ್ಲಿ ಚೌಕ ಚೌಕ ಕಾಣುವುದು, ಮೌಸ್ ಅಲ್ಲಾಡಿಸಿದರೆ ಬಾಣ ತಡವಾಗಿ ಓಡುವುದು ಇದರಿಂದಲೇ. ಈ ಜಾತಿಯ ಕೆಲವು ಡಬ್ಬಿಗಳು ಮಲ್ಟಿಕಾಸ್ಟ್‌ನಲ್ಲಿ, ಅಂದರೆ ಒಂದೇ ಸಲಕ್ಕೆ ಹಲವರಿಗೆ ತಲುಪುವಂತೆ, ಕಳಿಸುತ್ತವೆ. ಅದನ್ನು ಬೇಕಾದ ಪೋರ್ಟಿಗಷ್ಟೇ ಬಿಡುವ ಸೌಲಭ್ಯ (ಐಜಿಎಂಪಿ ಸ್ನೂಪಿಂಗ್) ಇಲ್ಲದ ಸಾದಾ ನೆಟ್‌ವರ್ಕ್ ಸ್ವಿಚ್‌ಗೆ ಸಿಕ್ಕಿಸಿದರೆ ಅದು ಎಲ್ಲ ಪೋರ್ಟ್‌ಗೂ ಹರಡುತ್ತದೆ, ವೈಫೈ ಆಕ್ಸೆಸ್ ಪಾಯಿಂಟ್‌ಗೂ ಹೋಗುತ್ತದೆ. ಟಿವಿ ಹಾಕಿದಾಗಲೆಲ್ಲ ಮನೆಯ ವೈಫೈ ಸಾಯುತ್ತದೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಈ ಡಬ್ಬಿಯೇ ಇರುತ್ತದೆ.

ನೆಟ್‌ವರ್ಕ್ ಕೇಬಲ್‌ನಲ್ಲೇ ಚಿತ್ರವನ್ನು ಹಿಂಡದೆ ಒಯ್ಯುವ ಒಳ್ಳೆಯ ದಾರಿ ಎಚ್‌ಡಿಬೇಸ್‌ಟಿ ಎಂಬ ತಂತ್ರಜ್ಞಾನ. ಇದರ ಒಕ್ಕೂಟ 2010ರಲ್ಲಿ ಶುರುವಾಯಿತು. ಎಲ್‌ಜಿ, ಸ್ಯಾಮ್‌ಸಂಗ್, ಸೋನಿ ಪಿಕ್ಚರ್ಸ್, ವ್ಯಾಲೆನ್ಸ್ ಅದನ್ನು ಹುಟ್ಟುಹಾಕಿದವರು. ಕ್ಲಾಸ್ ಎ ಜೋಡಿ 100 ಮೀಟರ್ ಮುಟ್ಟುತ್ತದೆ. ಕ್ಲಾಸ್ ಬಿ ಎಂಬ ಅಗ್ಗದ ಜೋಡಿ 1080ಪಿಯನ್ನು 70 ಮೀಟರ್ ಒಯ್ದರೂ 4ಕೆ ಬಂದಾಗ 40 ಮೀಟರಿನೊಳಗೇ ನಿಲ್ಲುತ್ತದೆ. ಎರಡನೇ ಪೀಳಿಗೆಯವರೆಗಿನ ಎಚ್‌ಡಿಬೇಸ್‌ಟಿ 4ಕೆ 60 ಫ್ರೇಮನ್ನು ಪೂರ್ತಿ ಬಣ್ಣದಲ್ಲಿ ಹಿಂಡದೆ ಕಳಿಸಲಾರದು, 4:2:0ಗೆ, ಅಂದರೆ ಬಣ್ಣದ ವಿವರ ಕಡಿಮೆ ಮಾಡಿದ ಚಿತ್ರಕ್ಕೆ, ಇಳಿಸಬೇಕು. ಅದಕ್ಕಿಂತ ಮೇಲಿನದು ಬೇಕಾದರೆ 3.0 ನೋಡಿ. ಇದರ ಪೋರ್ಟ್ ಲ್ಯಾನ್ ಪೋರ್ಟಿನಂತೆಯೇ ಕಾಣುತ್ತದೆ, ಹಾಗಾಗಿ ಜನ ಅದನ್ನು ಸ್ವಿಚ್‌ಗೆ ಸಿಕ್ಕಿಸುತ್ತಾರೆ. ಅದು ಈಥರ್‌ನೆಟ್ ಅಲ್ಲ. ಕಳಿಸುವ ಡಬ್ಬಿಯಿಂದ ತೆಗೆದುಕೊಳ್ಳುವ ಡಬ್ಬಿಗೆ ಒಂದೇ ಕೇಬಲ್ ನೇರ ಹೋಗಬೇಕು, ನಡುವೆ ಸ್ವಿಚ್ ಇರಕೂಡದು, ಜೋಡಣೆಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಮೇಲಿನ ಟಿವಿಯಲ್ಲಿ ಬರುವುದು ಕೆಳಗಿನ ಟಿವಿಯ ಚಿತ್ರವೇ. ಹಾಲ್‌ನಲ್ಲಿ ಅಜ್ಜ ವಾರ್ತೆ ನೋಡುತ್ತಿದ್ದರೆ ಮೇಲೆ ಮಕ್ಕಳಿಗೂ ವಾರ್ತೆಯೇ. ಒಂದು ಎಚ್‌ಡಿಎಂಐಯನ್ನು ಎರಡು ಟಿವಿಗೆ ಹಂಚುವ ಸ್ಪ್ಲಿಟರ್ ಹಾಕಿದಾಗ ಇನ್ನೊಂದು ನಷ್ಟ ಇದೆ. ಪ್ರತಿ ಟಿವಿಯೂ ತನ್ನ ಸಾಮರ್ಥ್ಯವನ್ನು ಇಡಿಐಡಿ ಎಂಬ ಚಿಕ್ಕ ದಾಖಲೆಯಾಗಿ ಪಿಸಿಗೆ ಕೊಡುತ್ತದೆ. ಹಾಲ್‌ನಲ್ಲಿ 4ಕೆ ಟಿವಿಯೂ ಆರು ಸ್ಪೀಕರಿಗೆ ಧ್ವನಿ ಕೊಡುವ 5.1 ರಿಸೀವರೂ ಇದ್ದು, ಮೇಲೆ ಹಳೆಯ 1080ಪಿ ಟಿವಿ ಇದ್ದರೆ, ಸಾದಾ ಸ್ಪ್ಲಿಟರ್ ಇಬ್ಬರಿಗೂ ಆಗುವಂಥದ್ದನ್ನೇ ಪಿಸಿಗೆ ಹೇಳುತ್ತದೆ. ಹಾಲ್‌ನ ಚಿತ್ರ 1080ಪಿಗೂ ಧ್ವನಿ ಸ್ಟೀರಿಯೊಗೂ ಇಳಿಯುತ್ತದೆ. ರಿಸೀವರ್ ಕೆಟ್ಟಿದೆ ಎಂದು ಸರ್ವಿಸ್‌ಗೆ ಒಯ್ದವರೂ ಇದ್ದಾರೆ. ಟಿವಿ ಆಫ್ ಮಾಡಿದಾಗ ಪಿಸಿಯ ಪರದೆಯ ಅಳತೆ ಬದಲಾಗಿ ಕಿಟಕಿಗಳೆಲ್ಲ ಮೂಲೆಗೆ ಸರಿಯುವುದಕ್ಕೂ ಈ ದಾಖಲೆ ಕಾಣೆಯಾಗುವುದೇ ಕಾರಣ. ಇಡಿಐಡಿ ಎಮ್ಯುಲೇಟರ್ ಎಂಬ ಪುಟ್ಟ ಪ್ಲಗ್ ಹಾಕಿದರೆ ನಿಲ್ಲುತ್ತದೆ.

ಹಾಗಾದರೆ ಎಚ್‌ಡಿಎಂಐ ಎಳೆಯುವುದು ಯಾವಾಗ ಸರಿ? ಪಿಸಿಯ ಫ್ಯಾನ್ ಸದ್ದು ಬೇಡವೆಂದು ಅದನ್ನು ಪಕ್ಕದ ಕೋಣೆಯಲ್ಲಿಟ್ಟಾಗ, ಪ್ರೊಜೆಕ್ಟರ್ ಹಿಂದಿನ ಗೋಡೆಯಲ್ಲಿದ್ದಾಗ. 10 ಮೀಟರ್ ದಾಟಿದರೆ ತಾಮ್ರದ ಎಚ್‌ಡಿಎಂಐ ಕೇಬಲ್ ನಂಬಿ 4ಕೆ ಹಾಕಬೇಡಿ, ಆ್ಯಕ್ಟಿವ್ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ತನ್ನಿ. ಅದಕ್ಕೆ ದಿಕ್ಕು ಇದೆ. ಒಂದು ತುದಿಯಲ್ಲಿ ‘ಸೋರ್ಸ್’, ಇನ್ನೊಂದರಲ್ಲಿ ‘ಡಿಸ್‌ಪ್ಲೇ’ ಎಂದು ಅಚ್ಚಾಗಿರುತ್ತದೆ. ತಿರುಗಿಸಿ ಎಳೆದುಬಿಟ್ಟರೆ ಚಿತ್ರವೇ ಬರುವುದಿಲ್ಲ, ಮತ್ತೆ ಪೂರ್ತಿ ಹೊರಗೆ ತೆಗೆಯಬೇಕು. ಮೂಲೆಯಲ್ಲಿ ಚೂಪಾಗಿ ಮಡಚಿದರೆ ಒಳಗಿನ ಗಾಜಿನ ಎಳೆ ಮುರಿಯುತ್ತದೆ. ರಿಮೋಟ್ ಬಗ್ಗೆಯೂ ಮುಂಚೆ ಯೋಚಿಸಿ: ಹೆಚ್ಚಿನ ಪಿಸಿ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಸಿಇಸಿ ಇರುವುದಿಲ್ಲ, ಅಂದರೆ ಟಿವಿಯ ರಿಮೋಟ್‌ನಿಂದ ಪಿಸಿ ಓಡಿಸಲು ಆಗದು. ಐಆರ್ ಕಣ್ಣು ಇರುವ ಎಕ್ಸ್‌ಟೆಂಡರ್ ಅಥವಾ ಯುಎಸ್‌ಬಿ ಸಿಇಸಿ ಅಡಾಪ್ಟರ್ ಬೇಕಾಗುತ್ತದೆ.

ಇನ್ನು ಹಳೆಯ ಹೊಸ ಸುದ್ದಿ ಒಂದು. ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ಎಕ್ಸ್‌ಬಾಕ್ಸ್ 360 ಎಂಬ ಮೈಕ್ರೋಸಾಫ್ಟ್‌ನ ಆಟದ ಯಂತ್ರ ‘ಮೀಡಿಯಾ ಸೆಂಟರ್ ಎಕ್ಸ್‌ಟೆಂಡರ್’ ಎಂದು ಈಗಲೂ ಬರುತ್ತದೆ. ಒಂದು ಕಾಲಕ್ಕೆ ಅದು ನಿಜಕ್ಕೂ ಚೆನ್ನಾಗಿತ್ತು. ಸಿನಿಮಾ, ಟಿವಿ ನೋಡುವ ವಿಂಡೋಸ್ ಮೀಡಿಯಾ ಸೆಂಟರ್ ತಂತ್ರಾಂಶ ಇರುವ ಪಿಸಿಗೆ ಎಂಟು ಅಂಕಿಯ ಕೀಲಿ ಹಾಕಿ ಕಟ್ಟಿದರೆ ಅದೇ ಮೆನು ಇನ್ನೊಂದು ಟಿವಿಯಲ್ಲಿ ಬೇರೆಯಾಗಿ ಓಡುತ್ತಿತ್ತು. ಒಂದು ಪಿಸಿಗೆ ಐದು ಎಕ್ಸ್‌ಟೆಂಡರ್‌ವರೆಗೆ ಸಾಧ್ಯವಿತ್ತು. ಲಿಂಕ್‌ಸಿಸ್ ಡಿಎಂಎ 2100, ಡಿ-ಲಿಂಕ್ ಡಿಎಸ್‌ಎಂ 750, ಕೊನೆಗೆ ಸೀಟನ್ ಎಕೊ ಇದೇ ಸಾಲಿನವು. ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರ್ ಇರುವುದಿಲ್ಲ ಎಂದು ಮೈಕ್ರೋಸಾಫ್ಟ್ 2015ರಲ್ಲಿ ಹೇಳಿತು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ, 8.1ರದು 2023ರ ಜನವರಿ 10ಕ್ಕೆ ಮುಗಿಯಿತು. ಎಕ್ಸ್‌ಬಾಕ್ಸ್ 360ಗೆ ಎಚ್.265 ಎಂಬ ಹೊಸ ವಿಡಿಯೊ ವಿಧಾನ ಗೊತ್ತಿಲ್ಲ. ಎಂಕೆವಿ ಫೈಲನ್ನೂ ಅದರ ಎಕ್ಸ್‌ಟೆಂಡರ್ ನೇರವಾಗಿ ಆಡಿಸದು. ಎಕ್ಸ್‌ಬಾಕ್ಸ್ ಒನ್‌ಗೆ ಎಕ್ಸ್‌ಟೆಂಡರ್ ಆಗುವ ಸೌಲಭ್ಯವೇ ಇಲ್ಲ. ಆಟ ಆಡುವ ಹುಚ್ಚಿದ್ದರೆ ಕೊಳ್ಳಿ, ಸಿನಿಮಾಕ್ಕೆ ಬೇಡ.

ಪರದೆ ಕಳಿಸುವ ಎರಡನೇ ಜಾತಿಗೆ ಈಗಿನ ಉದಾಹರಣೆ ಪಿಸಿಯಲ್ಲಿ ಸನ್‌ಶೈನ್, ಟಿವಿ ಕಡೆ ಮೂನ್‌ಲೈಟ್ ಎಂಬ ತಂತ್ರಾಂಶಗಳು. ಎರಡೂ ಉಚಿತ. ಆಟಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು. ಆದರೆ ಪಿಸಿಯಲ್ಲಿ ಓಟಿಟಿ ಹಾಕಿ ಮೇಲೆ ನೋಡೋಣ ಎಂದರೆ ಕಾಪಿ ರಕ್ಷಣೆಯಿಂದಾಗಿ ಪರದೆ ಕಪ್ಪಾಗಿ ಧ್ವನಿ ಮಾತ್ರ ಬರಬಹುದು. ಅಲ್ಲೂ ಒಬ್ಬರು ನೋಡಿದ್ದೇ ಇನ್ನೊಬ್ಬರಿಗೆ.

ಈಗ ಮೂರನೆಯದಕ್ಕೆ ಬರೋಣ. ಪಿಸಿಯಲ್ಲಿ ಜೆಲ್ಲಿಫಿನ್ ಅಥವಾ ಪ್ಲೆಕ್ಸ್ ಎಂಬ, ಫೈಲುಗಳನ್ನು ಬೇರೆ ಟಿವಿಗಳಿಗೆ ಕಳಿಸುವ ಸರ್ವರ್ ತಂತ್ರಾಂಶ ಹಾಕುವುದು, ಇಲ್ಲವೇ ಫೋಲ್ಡರನ್ನು ಸುಮ್ಮನೆ ಶೇರ್ ಮಾಡುವುದು. ಟಿವಿ ಕಡೆ ಅದರ ಆ್ಯಪ್ ಅಥವಾ ಕೋಡಿ ಎಂಬ ಪ್ಲೇಯರ್ ತಂತ್ರಾಂಶ ಇರುವ ಪೆಟ್ಟಿಗೆ. ಜೆಲ್ಲಿಫಿನ್ 2018ರ ಕೊನೆಯಲ್ಲಿ ‘ಎಂಬಿ’ (Emby) ಎಂಬ ಸರ್ವರ್ ತಂತ್ರಾಂಶದಿಂದ ಕವಲೊಡೆದ ಉಚಿತ ತಂತ್ರಾಂಶ. ಪಿಸಿಯ ಗ್ರಾಫಿಕ್ಸ್ ಭಾಗದ ನೆರವಿನಿಂದ ವಿಡಿಯೊವನ್ನು ಬೇರೆ ರೂಪಕ್ಕೆ ಬದಲಿಸುವುದಕ್ಕೆ (ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್) ಅದು ದುಡ್ಡು ಕೇಳುವುದಿಲ್ಲ, ಪ್ಲೆಕ್ಸ್ ಕೇಳುತ್ತದೆ. ಹಾಗಾಗಿ ಹೊಸಬರಿಗೆ ನಮ್ಮ ಮತ ಜೆಲ್ಲಿಫಿನ್‌ಗೆ.

ಪೆಟ್ಟಿಗೆ ಆರಿಸುವಾಗ ರ‍್ಯಾಮ್ ಎಷ್ಟು, ಕೋರ್ ಎಷ್ಟು ಎಂದು ನೋಡುವವರೇ ಹೆಚ್ಚು. ನೋಡಬೇಕಾದ್ದು ಬೇರೆ.

ಲ್ಯಾನ್ ಪೋರ್ಟ್ ಮೊದಲು. ಮಾಮೂಲಿ 1080ಪಿ ಫೈಲಿಗೆ ಸೆಕೆಂಡಿಗೆ 10 ಮೆಗಾಬಿಟ್ ಸಾಕು. ಬ್ಲೂ-ರೇ ವಿಡಿಯೊದ ಗರಿಷ್ಠ ಮಿತಿ 40. ಆದರೆ 4ಕೆ ಡಿಸ್ಕಿನಿಂದ ಮತ್ತೆ ಹಿಂಡದೆ ತೆಗೆದ ಫೈಲ್ ಕೆಲವು ದೃಶ್ಯಗಳಲ್ಲಿ 100ನ್ನು ದಾಟಬಲ್ಲದು. ಹೆಚ್ಚಿನ ಸ್ಮಾರ್ಟ್ ಟಿವಿಗಳ ಲ್ಯಾನ್ ಪೋರ್ಟ್ ಇವತ್ತಿಗೂ 100 ಮೆಗಾಬಿಟ್‌ನದೇ, ಕೈಗೆ ಸಿಗುವುದು ಸುಮಾರು 94. ಫೈರ್ ಟಿವಿ ಸ್ಟಿಕ್‌ಗೆ ಬರುವ ಈಥರ್‌ನೆಟ್ ಅಡಾಪ್ಟರ್ ಕೂಡ ಅಷ್ಟೇ. ಸಿನಿಮಾ ಪೂರ್ತಿ ಸರಿಯಾಗಿ ಓಡಿ ಸ್ಫೋಟದ ದೃಶ್ಯದಲ್ಲಿ ಮಾತ್ರ ನಿಂತು ನಿಂತು ಹೋಗುತ್ತಿದ್ದರೆ ಇದನ್ನೇ ಶಂಕಿಸಿ. ಇಂಥ ಟಿವಿಯಲ್ಲಿ ಲ್ಯಾನ್ ಕಿತ್ತು 5 ಗಿಗಾಹರ್ಟ್ಸ್ ವೈಫೈಗೆ ಹಾಕಿದರೆ ಸರಿಹೋಗುವುದೂ ಉಂಟು. ವಿಚಿತ್ರವೆನಿಸಿದರೂ ಲೆಕ್ಕ ಸರಿಯಾಗಿದೆ.

ಆಮೇಲೆ ಫ್ರೇಮ್ ದರ. ಸಿನಿಮಾ ಸೆಕೆಂಡಿಗೆ 24, ಕರಾರುವಾಕ್ಕಾಗಿ ಹೇಳಿದರೆ ಹೆಚ್ಚಿನ ಫೈಲುಗಳಲ್ಲಿ 23.976. ನಮ್ಮ ದೂರದರ್ಶನದ್ದು 25. ಪೆಟ್ಟಿಗೆ ಯಾವಾಗಲೂ 60ರಲ್ಲೇ ಚಿತ್ರ ಕೊಟ್ಟರೆ 24 ಫ್ರೇಮುಗಳನ್ನು ಒಂದು ಮೂರು ಸಲ, ಒಂದು ಎರಡು ಸಲ ತೋರಿಸಿ ತುಂಬಿಸಬೇಕಾಗುತ್ತದೆ. ಕ್ಯಾಮೆರಾ ಅಡ್ಡಲಾಗಿ ನಿಧಾನಕ್ಕೆ ತಿರುಗುವಾಗ ಚಿತ್ರ ತಡವರಿಸುತ್ತದೆ. 25 ಫ್ರೇಮಿನ ಧಾರಾವಾಹಿ, ಕ್ರಿಕೆಟ್ ರೆಕಾರ್ಡಿಂಗ್‌ನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಆದ್ದರಿಂದ ಫೈಲಿನ ದರಕ್ಕೆ ಟಿವಿಯ ದರವನ್ನು ತಾನೇ ಹೊಂದಿಸುವ ಸೌಲಭ್ಯ ಇರಲೇಬೇಕು. ಕೋಡಿಯಲ್ಲಿ ಅದು ಪ್ಲೇಯರ್ ಸೆಟ್ಟಿಂಗ್‌ನಲ್ಲಿದೆ, ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ ಅನ್ನು ‘ಸ್ಟಾರ್ಟ್/ಸ್ಟಾಪ್’ ಮಾಡಿ. ಆ್ಯಪಲ್ ಟಿವಿಯಲ್ಲಿ ‘ಮ್ಯಾಚ್ ಕಂಟೆಂಟ್’. ಹೆಚ್ಚಿನ ಪೆಟ್ಟಿಗೆಗಳಲ್ಲಿ ಇದು ಕೊಂಡಾಗ ಆಫ್ ಆಗಿಯೇ ಬರುತ್ತದೆ.

ಧ್ವನಿಯ ವಿಷಯ ಮೇಲಿನ ಟಿವಿಗೆ ರಿಸೀವರ್ ಇದ್ದರೆ ಮಾತ್ರ ತಲೆಕೆಡಿಸಿಕೊಳ್ಳಿ. ಟಿವಿಯಿಂದ ರಿಸೀವರ್‌ಗೆ ಎಚ್‌ಡಿಎಂಐನಲ್ಲೇ ಧ್ವನಿ ಕಳಿಸುವ ಹಳೆಯ ಎಆರ್‌ಸಿ ಮೂಲಕ ಡಾಲ್ಬಿ ಡಿಜಿಟಲ್, ಡಾಲ್ಬಿ ಡಿಜಿಟಲ್ ಪ್ಲಸ್ ಹೋಗುತ್ತವೆ. ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಎಂಬ ದೊಡ್ಡ ಗಾತ್ರದ ಧ್ವನಿ ವಿಧಾನಗಳು ಹೋಗಲು ಅದರ ಹೊಸ ರೂಪವಾದ ಇಎಆರ್‌ಸಿ ಬೇಕು, ಇಲ್ಲವೇ ಪೆಟ್ಟಿಗೆಯನ್ನು ನೇರ ರಿಸೀವರ್‌ಗೇ ಸಿಕ್ಕಿಸಬೇಕು. ಬರೀ ಟಿವಿ ಸ್ಪೀಕರ್ ಇದ್ದವರಿಗೂ ಒಂದು ಮಾತು: ಸ್ಯಾಮ್‌ಸಂಗ್ 2018ರಿಂದ ತನ್ನ ಟಿವಿಗಳಲ್ಲಿ ಡಿಟಿಎಸ್ ಧ್ವನಿ ವಿಧಾನವನ್ನು ಕೈಬಿಟ್ಟಿದೆ. ಪೆನ್‌ಡ್ರೈವ್ ಹಾಕಿದರೆ ಚಿತ್ರ ಬಂದು ಧ್ವನಿ ಬಾರದಿರುವುದು ಇದರಿಂದ. ಸರ್ವರ್ ಇದ್ದರೆ ಅದು ಧ್ವನಿಯನ್ನಷ್ಟೇ ಬದಲಿಸಿ ಕಳಿಸುತ್ತದೆ, ಪಿಸಿಗೆ ಅದು ಭಾರವೇ ಅಲ್ಲ.

ಪಿಸಿಗೆ ನಿಜಕ್ಕೂ ಭಾರವಾಗುವುದು ಚಿತ್ರವನ್ನೇ ಮತ್ತೆ ತಯಾರಿಸಬೇಕಾದಾಗ. ಪೆಟ್ಟಿಗೆಗೆ ಆ ಕೋಡೆಕ್ (ವಿಡಿಯೊ ಹಿಂಡಿದ ವಿಧಾನ) ಗೊತ್ತಿಲ್ಲದಿದ್ದರೆ ಹಾಗಾಗುತ್ತದೆ. ಹೆಚ್ಚು ಜನ ಊಹಿಸದ ಇನ್ನೊಂದು ಕಾರಣ ಸಬ್‌ಟೈಟಲ್. ಬ್ಲೂ-ರೇಯಿಂದ ಬಂದ ಪಿಜಿಎಸ್ ಸಬ್‌ಟೈಟಲ್ ಅಕ್ಷರವಲ್ಲ, ಚಿತ್ರ. ಅದನ್ನು ತೋರಿಸಲು ಗೊತ್ತಿಲ್ಲದ ಆ್ಯಪ್‌ಗೆ ಸರ್ವರ್ ಪ್ರತಿ ಫ್ರೇಮಿನ ಮೇಲೂ ಅದನ್ನು ಅಚ್ಚೊತ್ತಿ ಕಳಿಸಬೇಕು. ಸಬ್‌ಟೈಟಲ್ ಹಾಕಿದ ಕೂಡಲೇ ಸಿಪಿಯು 100ಕ್ಕೆ ಏರುವುದು ಇದಕ್ಕೇ. ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್‌ನಲ್ಲಿ ಓಡುತ್ತಿರುವ ಪ್ರತಿ ಸಿನಿಮಾದ ಕೆಳಗೆ ‘ಡೈರೆಕ್ಟ್ ಪ್ಲೇ’ ಅಥವಾ ‘ಟ್ರಾನ್ಸ್‌ಕೋಡ್’ ಎಂದೂ, ಟ್ರಾನ್ಸ್‌ಕೋಡ್ ಆಗಿದ್ದರೆ ಕಾರಣವೂ ಕಾಣುತ್ತದೆ. ಊಹೆ ಮಾಡುವ ಬದಲು ಅಲ್ಲಿ ನೋಡಿ. ಪಿಸಿಯಲ್ಲಿ ಏಳನೇ ಪೀಳಿಗೆಯ ಇಂಟೆಲ್ ಅಥವಾ ನಂತರದ್ದಿದ್ದರೆ 10 ಬಿಟ್ ಎಚ್.265ನ್ನು ಅದರ ಗ್ರಾಫಿಕ್ಸ್ ಭಾಗವೇ ಬಿಚ್ಚುತ್ತದೆ. ಎವಿ1 ಎಂಬ ಇನ್ನೂ ಹೊಸ ಕೋಡೆಕ್‌ಗೆ ಹನ್ನೊಂದನೇ ಪೀಳಿಗೆ ಬೇಕು.

ಕನ್ನಡ ಸಬ್‌ಟೈಟಲ್ ಹಾಕಿಕೊಳ್ಳುವವರಿಗೆ ಬೇರೆಯೇ ಗೋಳು ಇದೆ. ಎಸ್‌ಆರ್‌ಟಿ ಎಂಬ ಸಬ್‌ಟೈಟಲ್ ಫೈಲ್ ಯೂನಿಕೋಡ್‌ನಲ್ಲಿ, ಯುಟಿಎಫ್-8 ಆಗಿ ಉಳಿಸಿರಬೇಕು. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ತೆರೆಯ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಸ ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಯೂನಿಕೋಡ್ ಆಗಿಯೂ ಬರೀ ಚೌಕಗಳು ಕಂಡರೆ ಪೆಟ್ಟಿಗೆಯಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ. ಅಕ್ಷರ ಬಂದು ಒತ್ತಕ್ಷರ ಪಕ್ಕಕ್ಕೆ ಬಿದ್ದು ‘ಅಮ್ಮ’ ಎಂಬುದು ‘ಅಮ್‌ಮ’ ಆಗಿ ಕಂಡರೆ, ಫಾಂಟ್ ಇದೆ, ಆದರೆ ಅಕ್ಷರ ಕೂಡಿಸುವ ತಂತ್ರಾಂಶ ಅದರಲ್ಲಿಲ್ಲ. ಆ ಟಿವಿ ಆ್ಯಪ್‌ನಿಂದ ಏನೂ ಆಗದು, ಬೇರೆ ಪ್ಲೇಯರ್ ನೋಡಿ. ಕೋಡಿಯ 20ನೇ ಆವೃತ್ತಿಯ ನಂತರ ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟನ್ನು ಅದರ ಮೀಡಿಯಾ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿಗೆ ಹಾಕಿ ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ ಆರಿಸಿದರೆ ಸರಿಯಾಗಿ ಬರುತ್ತದೆ. ಕೊಳ್ಳುವ ಮೊದಲು ಸಾಧ್ಯವಾದರೆ ಒತ್ತಕ್ಷರ ತುಂಬಿದ ಒಂದು ಚಿಕ್ಕ ಎಸ್‌ಆರ್‌ಟಿ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಅಂಗಡಿಗೇ ಒಯ್ದು ನೋಡಿ.

ಹೆಸರು ಹಿಡಿದು ಹೇಳಿ ಎಂದರೆ: ದುಡ್ಡಿಗೆ ಅಡ್ಡಿಯಿಲ್ಲದಿದ್ದರೆ ಆ್ಯಪಲ್ ಟಿವಿ 4ಕೆ. ಅದರಲ್ಲೂ 2022ರ ಮಾದರಿಯಲ್ಲಿ 128 ಜಿಬಿಯದನ್ನೇ ತೆಗೆದುಕೊಳ್ಳಿ, 64 ಜಿಬಿಯದಕ್ಕೆ ಲ್ಯಾನ್ ಪೋರ್ಟೇ ಇಲ್ಲ. ಕೈಕೆಸರು ಮಾಡಿಕೊಳ್ಳುವವರಿಗೆ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್, ಅದರ ಮೇಲೆ ಕೋಡಿ ಓಡಿಸಲೆಂದೇ ಇರುವ ಲಿಬ್ರೆಎಲೆಕ್ ತಂತ್ರಾಂಶ. ಎಚ್.265 4ಕೆ 60 ಫ್ರೇಮ್ ಓಡಿಸುತ್ತದೆ, ಗಿಗಾಬಿಟ್ ಲ್ಯಾನ್ ಇದೆ, ಸಿಇಸಿ ಇರುವುದರಿಂದ ಟಿವಿಯ ರಿಮೋಟೇ ಸಾಕು. ಎವಿ1 ಫೈಲಿಗೆ ಮಾತ್ರ ಅದರಲ್ಲಿ ಹಾರ್ಡ್‌ವೇರ್ ಸಹಾಯ ಇಲ್ಲ. ಎರಡು ಮೈಕ್ರೊ ಎಚ್‌ಡಿಎಂಐ ಪೋರ್ಟುಗಳಲ್ಲಿ ಪವರ್ ಪೋರ್ಟಿಗೆ ಹತ್ತಿರದ್ದಕ್ಕೆ ಕೇಬಲ್ ಸಿಕ್ಕಿಸಿ. 5.1 ವೋಲ್ಟ್, 3 ಆ್ಯಂಪಿನ ಅದರದೇ ಅಡಾಪ್ಟರ್ ಬಳಸಿ. ಮೊಬೈಲ್ ಚಾರ್ಜರ್ ಹಾಕಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ, ಆಮೇಲೆ ತಾನಾಗೇ ರೀಸ್ಟಾರ್ಟ್ ಆಗುತ್ತದೆ. ಹೆಸರೇ ಕೇಳದ ಕಂಪನಿಗಳ ಅಗ್ಗದ ಆ್ಯಂಡ್ರಾಯ್ಡ್ ಪೆಟ್ಟಿಗೆಗಳ ಬಗ್ಗೆ ಎಚ್ಚರ: ಅವುಗಳಲ್ಲಿ ಹಲವಕ್ಕೆ ವೈಡ್‌ವೈನ್ ಎಲ್1 ಎಂಬ ಕಾಪಿ ರಕ್ಷಣೆಯ ಪರವಾನಗಿ ಇರುವುದಿಲ್ಲ, ನೆಟ್‌ಫ್ಲಿಕ್ಸ್ ಎಸ್‌ಡಿಯಲ್ಲೇ ಉಳಿಯುತ್ತದೆ. ಟಿವಿಯ ಸ್ವಂತ ಜೆಲ್ಲಿಫಿನ್ ಆ್ಯಪ್ ಮೊದಲು ಹಾಕಿ ನೋಡಿ. ಮಲಗುವ ಕೋಣೆಯ ಟಿವಿಗೆ ಎಷ್ಟೋ ಸಲ ಅದೇ ಸಾಕಾಗಿ, ಏನೂ ಕೊಳ್ಳಬೇಕಾಗಿಲ್ಲ.

ಪಿಸಿ ಕಾಣಿಸುತ್ತಿಲ್ಲ ಎಂದರೆ ಎರಡು ಕಡೆ ನೋಡಿ. ವಿಂಡೋಸ್‌ನಲ್ಲಿ ಮನೆಯ ನೆಟ್‌ವರ್ಕ್ ‘ಪಬ್ಲಿಕ್’ ಆಗಿದ್ದರೆ ಫೈರ್‌ವಾಲ್ ಜೆಲ್ಲಿಫಿನ್‌ನ 8096 ಪೋರ್ಟನ್ನು ತಡೆಯಬಹುದು, ‘ಪ್ರೈವೇಟ್’ ಮಾಡಿ. ಫೋಲ್ಡರ್ ಶೇರ್ ಮಾಡಿದವರಿಗೆ ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಕೈಕೊಟ್ಟಿರಬಹುದು. ಪಿಸಿಯಲ್ಲಿ ಟಿವಿಗೆಂದೇ ಒಂದು ಲೋಕಲ್ ಬಳಕೆದಾರ ಹೆಸರು, ಪಾಸ್‌ವರ್ಡ್ ಮಾಡಿ, ಆ ಫೋಲ್ಡರಿಗೆ ಓದುವ ಅನುಮತಿ ಮಾತ್ರ ಕೊಟ್ಟು, ಅದನ್ನೇ ಕೋಡಿಯಲ್ಲಿ ಹಾಕಿ. ಓದುವ ಅನುಮತಿ ಮಾತ್ರ ಏಕೆಂದರೆ ಮಕ್ಕಳ ಕೈಗೆ ರಿಮೋಟ್ ಸಿಕ್ಕಾಗ ಮದುವೆ ವಿಡಿಯೊ ಅಳಿಸಿಹೋಗಬಾರದು.

ನೇರ ಪ್ರಸಾರವೂ ಇದೇ ದಾರಿಯಲ್ಲಿ ಹೋಗುತ್ತದೆ. ಡಿಡಿ ಫ್ರೀ ಡಿಶ್ ಜಿಸ್ಯಾಟ್-15 ಉಪಗ್ರಹದಿಂದ, 93.5 ಡಿಗ್ರಿ ಪೂರ್ವದಿಂದ ಬರುತ್ತದೆ. ಪಿಸಿಗೆ ಡಿಶ್ ಸಂಕೇತ ಹಿಡಿಯುವ ಒಂದು ಡಿವಿಬಿ-ಎಸ್2 ಟ್ಯೂನರ್ ಕಾರ್ಡ್, ಲಿನಕ್ಸ್‌ನಲ್ಲಿ ಟಿವಿಹೆಡ್‌ಎಂಡ್ ಎಂಬ ಟಿವಿ ಸರ್ವರ್ ತಂತ್ರಾಂಶ ಇದ್ದರೆ ಎನ್‌ಕ್ರಿಪ್ಟ್ ಆಗದ ಚಾನೆಲ್‌ಗಳು, ನಮ್ಮ ಚಂದನವೂ ಸೇರಿ, ಮನೆಯ ಎಲ್ಲ ಕೋಡಿ ಪೆಟ್ಟಿಗೆಗಳಿಗೂ ಹೋಗುತ್ತವೆ, ರೆಕಾರ್ಡೂ ಆಗುತ್ತವೆ. ಒಂದೇ ಟ್ರಾನ್ಸ್‌ಪಾಂಡರ್‌ನಲ್ಲಿರುವ (ಉಪಗ್ರಹದ ಒಂದು ತರಂಗಾಂತರದಲ್ಲಿ ಒಟ್ಟಿಗೆ ಬರುವ) ಎಷ್ಟೇ ಚಾನೆಲ್ ಆದರೂ ಒಂದೇ ಟ್ಯೂನರ್ ಸಾಕು. ಬೇರೆ ಟ್ರಾನ್ಸ್‌ಪಾಂಡರ್ ಬೇಕೆಂದರೆ ಇನ್ನೊಂದು ಟ್ಯೂನರ್. ದುಡ್ಡು ಕೊಡುವ ಡಿಟಿಎಚ್ ಚಾನೆಲ್‌ಗಳಿಗೆ ಈ ಉಪಾಯ ನಡೆಯುವುದಿಲ್ಲ.

ಪೆಟ್ಟಿಗೆ ಎಷ್ಟೇ ಒಳ್ಳೆಯದಾದರೂ ಗೋಡೆಯೊಳಗಿನ ತಂತಿ ಸರಿಯಿಲ್ಲದಿದ್ದರೆ ಹೋಯಿತು. ಮನೆ ಕಟ್ಟುತ್ತಿರುವವರು ಪ್ರತಿ ಟಿವಿ ಪಾಯಿಂಟ್‌ನಿಂದ ರೂಟರ್ ಇಡುವ ಜಾಗಕ್ಕೆ ಎರಡು ಕ್ಯಾಟ್ 6 ಎಳೆಸಿ: ಒಂದು ನೆಟ್‌ವರ್ಕ್‌ಗೆ, ಇನ್ನೊಂದು ಮುಂದೆಂದೋ ಎಚ್‌ಡಿಬೇಸ್‌ಟಿ ಬೇಕಾದರೆ. ಪೈಪ್ 25 ಮಿಲಿಮೀಟರಿನದಿರಲಿ. ಕ್ಯಾಟ್ 6 ಸುಮಾರು 6 ಮಿಲಿಮೀಟರ್ ದಪ್ಪ, ಎರಡು ಸಲೀಸಾಗಿ ಹೋಗುತ್ತವೆ. ಮೌಲ್ಡ್ ಆದ ಎಚ್‌ಡಿಎಂಐ ಪ್ಲಗ್ ಮಾತ್ರ 20 ಮಿಲಿಮೀಟರ್ ಪೈಪಿನಲ್ಲಿ ತೂರುವುದೇ ಇಲ್ಲ. ಕರೆಂಟ್ ತಂತಿಯ ಪೈಪಿನಲ್ಲೇ ಡೇಟಾ ಕೇಬಲ್ ತುರುಕಲು ಎಲೆಕ್ಟ್ರಿಷಿಯನ್‌ಗೆ ಬಿಡಬೇಡಿ. ಮನೆ ಕಟ್ಟುವವರ ಪುರವಣಿಯಲ್ಲಿ ಎಲೆಕ್ಟ್ರಿಕಲ್ ಪಾಯಿಂಟ್‌ಗಳ ಪಟ್ಟಿ ಕೊಡುವಾಗ ಈ ಒಂದು ಸಾಲನ್ನು ಸೇರಿಸಿದರೆ ಎಷ್ಟೋ ಜನರ ಗೋಡೆ ಒಡೆಯುವುದು ತಪ್ಪುತ್ತದೆ ಎಂದು ನಿಮ್ಮಲ್ಲಿ ವಿನಂತಿ.

ಕೇಬಲ್ ಕೊಳ್ಳುವಾಗ ಸಿಸಿಎ ಎಂಬ ಮೂರಕ್ಷರ ಕಂಡರೆ ಬಿಡಿ. ಅದು ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟದ್ದು. 305 ಮೀಟರಿನ ಪೆಟ್ಟಿಗೆ ಎತ್ತಿದಾಗ ತೀರಾ ಹಗುರವೆನಿಸಿದರೆ ಸಂಶಯಪಡಿ, ಎಳೆಯ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ; ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಅದು ಸುಲಭವಾಗಿ ಮುರಿಯುತ್ತದೆ, ಕೇಬಲ್ ಮೂಲಕವೇ ಕರೆಂಟ್ ಕೊಡುವ ಉಪಕರಣಗಳಲ್ಲಿ ಬಿಸಿಯಾಗುತ್ತದೆ. ಪ್ಲಗ್‌ನಲ್ಲಿ ತಂತಿಗಳ ಬಣ್ಣ ಜೋಡಿಸಲು ಎರಡೂ ತುದಿಗೆ ಟಿ568ಬಿ ಎಂಬ ಕ್ರಮ. ಜೋಡಿ ಬಿಚ್ಚುವುದು ಒಂದು ಸೆಂಟಿಮೀಟರಿನಷ್ಟು ಮಾತ್ರ. ದೀಪ ಮಿನುಗುವ ಅಗ್ಗದ ಟೆಸ್ಟರ್ ಎಂಟು ತಂತಿ ಮುಟ್ಟಿವೆಯೇ ಎಂದಷ್ಟೇ ಹೇಳುತ್ತದೆ, ಜೋಡಿ ಅದಲುಬದಲಾಗಿ ಒಡೆದುಹೋಗಿದ್ದರೆ ಅದಕ್ಕೆ ತಿಳಿಯದು. ಪ್ಲಾಸ್ಟರಿಂಗ್‌ಗೆ ಮೊದಲು ಎರಡು ಲ್ಯಾಪ್‌ಟಾಪ್ ಎರಡು ತುದಿಗೆ ಹಾಕಿ ವೇಗ ಅಳೆಯುವ ಐಪರ್ಫ್3 ತಂತ್ರಾಂಶ ಓಡಿಸಿ. 940 ಮೆಗಾಬಿಟ್ ಆಸುಪಾಸು ಬರಬೇಕು. ಸರಿಯಾಗಿ 94ಕ್ಕೆ ನಿಂತರೆ ನಾಲ್ಕು ಜೋಡಿಗಳಲ್ಲಿ ಒಂದು ಕೈಕೊಟ್ಟಿದೆ, ಗಿಗಾಬಿಟ್ ಕೊಂಡಿ 100ಕ್ಕೆ ಇಳಿದಿದೆ. ತುದಿ ಕತ್ತರಿಸಿ ಮತ್ತೆ ಹಾಕಿ.

ಕಟ್ಟಿ ಮುಗಿದ ಮನೆಯವರಿಗೆ ಆಯ್ಕೆ ಕಡಿಮೆ. ಕರಾವಳಿಯ ಮುರಕಲ್ಲಿನ ಗೋಡೆ, ಆರ್‌ಸಿಸಿ ಸ್ಲ್ಯಾಬ್ ಎರಡೂ 5 ಗಿಗಾಹರ್ಟ್ಸ್ ವೈಫೈಯನ್ನು ತಿಂದುಹಾಕುತ್ತವೆ. ಅದಕ್ಕೆಂದು ಗೋಡೆಗೆ ಸಿಕ್ಕಿಸುವ ವೈಫೈ ರಿಪೀಟರ್ ತಂದರೆ, ಅದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಅರ್ಧವಾಗುತ್ತದೆ. ಟಿವಿ ಇರುವ ಜಾಗದಲ್ಲಿ ಫೋನ್ ಹಿಡಿದು ಅಳೆಯಿರಿ. ನಿಮ್ಮ ಅತಿ ದೊಡ್ಡ ಫೈಲಿನ ಬಿಟ್‌ರೇಟ್‌ನ ಮೂರು ಪಟ್ಟು ಸ್ಥಿರವಾಗಿ ಸಿಕ್ಕಿದರೆ ವೈಫೈ ನಂಬಬಹುದು. ಕರೆಂಟ್ ತಂತಿಯಲ್ಲೇ ನೆಟ್‌ವರ್ಕ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಒಂದೇ ಫೇಸ್‌ನಲ್ಲಿದ್ದರೆ ಪರವಾಗಿಲ್ಲ, ಮೂರು ಫೇಸಿನ ಮನೆಯಲ್ಲಿ ಕೆಳಗಿನದು ಒಂದು ಫೇಸ್, ಮೇಲಿನದು ಇನ್ನೊಂದಾದರೆ ಮುಗಿಯಿತು. ಸ್ಪೈಕ್ ಗಾರ್ಡ್‌ಗೆ ಸಿಕ್ಕಿಸಿದರೆ ಸಂಕೇತವನ್ನೇ ಅದು ನುಂಗುತ್ತದೆ, ನೇರ ಗೋಡೆಯ ಸಾಕೆಟ್‌ಗೇ ಹಾಕಬೇಕು. ಹಳೆಯ ಕೇಬಲ್ ಟಿವಿಯ ಆರ್‌ಜಿ 6 ತಂತಿ ಗೋಡೆಯಲ್ಲಿ ಖಾಲಿ ಬಿದ್ದಿದ್ದರೆ ಅದೃಷ್ಟ: ಆ ತಂತಿಯಲ್ಲೇ ನೆಟ್‌ವರ್ಕ್ ಕಳಿಸುವ ಮೋಕಾ 2.5 ಅಡಾಪ್ಟರ್ ಜೋಡಿ ಹಾಕಿದರೆ ಲ್ಯಾನ್‌ನಷ್ಟೇ ಚೆನ್ನಾಗಿ ಓಡುತ್ತದೆ. ಡಿಶ್‌ನಿಂದ ಬರುವ ಕೇಬಲ್‌ನಲ್ಲಿ ಮಾತ್ರ ಹಾಕಬೇಡಿ, ಮೋಕಾದ 1125-1675 ಮೆಗಾಹರ್ಟ್ಸ್ ಮತ್ತು ಡಿಶ್‌ನ 950-2150 ಮೆಗಾಹರ್ಟ್ಸ್ ಒಂದರ ಮೇಲೊಂದು ಬೀಳುತ್ತವೆ.

ಮಲೆನಾಡು, ಕರಾವಳಿಯಲ್ಲಿ ಸಿಡಿಲಿನ ಕಾಲದಲ್ಲಿ ಮಹಡಿಯಿಂದ ಮಹಡಿಗೆ ಹೋದ ತಾಮ್ರದ ಕೇಬಲ್ ಪೋರ್ಟುಗಳನ್ನು ಸುಡುತ್ತದೆ. ಆಪ್ಟಿಕಲ್ ಎಚ್‌ಡಿಎಂಐ ಹಾಕಿದ್ದೇನೆ, ಭಯವಿಲ್ಲ ಎನ್ನುವಂತಿಲ್ಲ. ಹೆಚ್ಚಿನವುಗಳಲ್ಲಿ ಗಾಜಿನ ಎಳೆಗಳ ಜತೆ ತಾಮ್ರದ ಎಳೆಗಳೂ ಇರುತ್ತವೆ. ಪಕ್ಕದ ಔಟ್‌ಹೌಸಿಗೆ ಕೊಂಡಿ ಬೇಕಾದರೆ ಪೂರ್ತಿ ಫೈಬರ್ ಎಳೆದು ಎರಡೂ ತುದಿಗೆ, ಫೈಬರನ್ನು ಲ್ಯಾನ್ ಪೋರ್ಟಿಗೆ ಬೆಸೆಯುವ ಮೀಡಿಯಾ ಕನ್ವರ್ಟರ್ ಹಾಕಿ.

ಕೊನೆಯದಾಗಿ ಕರೆಂಟ್ ಬಿಲ್. ಸರ್ವರ್ ಆದ ಪಿಸಿ ದಿನವಿಡೀ ಓಡುತ್ತದೆ. ಸುಮ್ಮನಿದ್ದಾಗ 50 ವಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪ್ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್ ತಿನ್ನುತ್ತದೆ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗೆ, 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವಂತೆ ಮಾಡಲು ಇಷ್ಟು ಸಾಕು. 10 ವಾಟಿನ ಮಿನಿ ಪಿಸಿಯಾದರೆ ತಿಂಗಳಿಗೆ 7 ಯೂನಿಟ್ ಆಸುಪಾಸು. ಹಳೆಯ ಪಿಸಿಯನ್ನೇ ಇಟ್ಟುಕೊಳ್ಳುವವರು ಅದನ್ನು ಮಲಗಿಸಿ, ಟಿವಿ ಪೆಟ್ಟಿಗೆಯಿಂದ ಎಬ್ಬಿಸುವ ವೇಕ್-ಆನ್-ಲ್ಯಾನ್ ಹಾಕಿಕೊಳ್ಳಲಿ. ಬಯೋಸ್‌ನಲ್ಲಿ ಅದನ್ನು ಆನ್ ಮಾಡಿ ಇಆರ್‌ಪಿ ಎಂಬ ವಿದ್ಯುತ್ ಉಳಿತಾಯದ ಆಯ್ಕೆಯನ್ನು ಆಫ್ ಮಾಡಬೇಕು, ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಬೇಕು, ಲ್ಯಾನ್ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಮ್ಯಾಜಿಕ್ ಪ್ಯಾಕೆಟ್’ ಗೆರೆಗೆ ಗುರುತು ಹಾಕಬೇಕು. ಪಿಸಿ ವೈಫೈನಲ್ಲಿದ್ದರೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ, ಅದಕ್ಕೆ ತಂತಿಯೇ ಬೇಕು. ಕೋಡಿಯ ಪವರ್ ಸೆಟ್ಟಿಂಗ್‌ನಲ್ಲಿ ಮಲಗಿದ ಸರ್ವರನ್ನು ಎಬ್ಬಿಸುವ ಆಯ್ಕೆಯನ್ನು ಆನ್ ಮಾಡಿದರೆ, ಮೇಲಿನ ಕೋಣೆಯಲ್ಲಿ ಸಿನಿಮಾ ಒತ್ತಿದಾಗ ಕೆಳಗಿನ ಪಿಸಿ ತಾನೇ ಏಳುತ್ತದೆ. ಹಾರ್ಡ್‌ಡಿಸ್ಕ್ ತಿರುಗಲು ಹಿಡಿಯುವಷ್ಟು ಹೊತ್ತು ಕಾಯಬೇಕು ಅಷ್ಟೇ.

ಇಂತಿ,
ಮನೆಗಳ ನೆಟ್‌ವರ್ಕ್ ಮತ್ತು ಟಿವಿ ಅಳವಡಿಕೆಯ ಕೆಲಸದಲ್ಲಿರುವ ಓದುಗರು
ಮೈಸೂರು